ಅಸಲಿ ಹೆಂಡತಿ

ಕನ್ನಡಕದ ಅಂಗಡಿಯವನ ಮನೆಗೆ ಬಂದವರು ಗಾಜಿನ ಬೀರುವಿನತ್ತ ಬೆರಳು ಮಾಡಿ 'ಬೊಂಬೆ' ಅಂದರೋ, ಕಾಫಿ ಹಾಳಾಗಲಿ, ಅವರಿಗೆ ನೀರೂ ಸಿಗುತ್ತಿರಲಿಲ್ಲ. ಅವು ಆ್ಯಕ್ಷನ್ ಫಿಗರ್‌ಗಳು! ದಶಕಕ್ಕೊಂದು ಅಂತಸ್ತು. ಮೇಲೆ ಎಪ್ಪತ್ತರ ದಶಕದ, ಬಟ್ಟೆಯ ಕೋಟು ತೊಟ್ಟ ಉದ್ದನೆಯ ಸೈನಿಕ. ಅವನ ಕೆಳಗೆ ಎಂಬತ್ತರ ಕತ್ತಿವೀರರು, ಸೊಂಟ ತಿರುಚಿ ಬಿಟ್ಟರೆ ಗುದ್ದುವವರು. ಇನ್ನೂ ಕೆಳಗೆ ಡಬ್ಬಿಯಿಂದ ಒಮ್ಮೆಯೂ ಹೊರಬರದ ತೊಂಬತ್ತರ ಬಾಹ್ಯಾಕಾಶ ಯಾತ್ರಿಗಳು. ಅಸಲು ಯಾವುದು, ಆಮೇಲೆ ಅದೇ ಅಚ್ಚಿನಲ್ಲಿ ಹೊಯ್ದ ನಕಲು ಯಾವುದು ಅಂತ ಅವನು ಪಾದದ ಅಡಿ ನೋಡಿ, ಕೀಲು ಅಲ್ಲಾಡಿಸಿ, ಕೆಲವೊಮ್ಮೆ ಬರೀ ಮೂಸಿ ಹೇಳಿಬಿಡುತ್ತಿದ್ದ. ಆ ಕಣ್ಣಿಗೆ ಮಣ್ಣೆರಚಿದವರಿಲ್ಲ.

ಈಗ ಆ ಕಣ್ಣು ಹೆಂಡತಿಯ ಮೇಲೆ ಬಿದ್ದಿತ್ತು.

ಅವನ ಮಿದುಳಿನಲ್ಲಿ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿತ್ತಂತೆ. ಮಾತು ಸರಿಯಿತ್ತು, ನಡಿಗೆ ಸರಿಯಿತ್ತು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದವನು ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ಚೆನ್ನಾಗಿ ಮಾಡಿದ್ದಾರೆ. ಆದ್ರೆ ನೀವು ಅವಳಲ್ಲ," ಅಂದುಬಿಟ್ಟ. ಕಾಯಿಲೆಯಿಂದ ಹೀಗೂ ಆಗುತ್ತದೆ ಅಂದರು ಡಾಕ್ಟರು. "ವಾದ ಮಾಡ್ಬೇಡಿ. ಊಟ, ಮಾತ್ರೆ ಮಾತ್ರ ತಪ್ಪಬಾರ್ದು. ತಪ್ಪಿದ್ರೆ ಮತ್ತೆ ಕಟ್ಕೊಳತ್ತೆ, ಆಗ ನಮ್ಮ ಕೈಲೂ ಏನೂ ಇರಲ್ಲ."

ಅವನು ತಪ್ಪಿಸಿದ್ದೇ ಅದನ್ನು. ನಕಲಿಯ ಕೈಯ ಊಟ ತನಗೆ ಬೇಡವಂತೆ. ನಿನ್ನೆಯಿಂದ ತಟ್ಟೆ ಇಟ್ಟಲ್ಲೇ ಆರುತ್ತಿತ್ತು. ಮಾತ್ರೆ ಬಾಯಿಗಿಟ್ಟರೆ ಅಂಗೈಗೆ ಉಗುಳುತ್ತಿದ್ದ.

ವಾದ ಮಾಡಬೇಡಿ ಅಂದರೆ ಸುಮ್ಮನಿರುವ ಹೆಂಗಸೇ ಅವಳು? ನಡುಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಬಟ್ಟೆ ರಿಪೇರಿ ಮಾಡಿ ಅರ್ಧ ಸಂಸಾರ ಎಳೆದವಳು. ಮಣಿಕಟ್ಟು ಚಾಚಿದಳು. "ಇಸ್ತ್ರಿಪೆಟ್ಟಿಗೆ ತಗುಲಿ ಸುಟ್ಟಿದ್ದು, ನೀವೇ ಮುಲಾಮು ಹಚ್ಚಿದ್ದು. ನೋಡಿ!"

ಅವನು ಭೂತಗನ್ನಡಿ ಹಿಡಿದು ನೋಡಿದ. "ಗಾಯದ ಗುರುತೇ ಮೊದಲು ಮಾಡೋದು. ಕೊಳ್ಳೋರು ಮೊದಲು ಅದನ್ನೇ ತಾನೇ ನೋಡೋದು?"

"ಹಳೇದೇ ಅಸಲು ಅಂತಿದ್ರಲ್ಲ! ನನಗಿಂತ ಹಳೇದು ಈ ಮನೇಲಿ ಇನ್ನೇನಿದೆ ರೀ?"

"ಹಳೇದು ಮಾಡೋದೇನು ಮಹಾ? ಡಬ್ಬಿಯ ರಟ್ಟನ್ನ ಟೀ ನೀರಲ್ಲಿ ಅದ್ದಿ ಒಣಗಿಸಿದ್ರೆ ನಲವತ್ತು ವರ್ಷ ಹಿಂದಕ್ಕೆ ಹೋಗತ್ತೆ."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅವಳು ಬೀರು ತೆಗೆದು ಸೈನಿಕನನ್ನೇ ಎಳೆದು ತಂದಳು. ಮದುವೆಯಾದ ಹೊಸತರಲ್ಲಿ ಆ ಕೋಟಿನ ಹರಿದ ತೋಳನ್ನು ಹೊಲಿದುಕೊಟ್ಟವಳು ಅವಳೇ. ಸೂಜಿ ಬಿದ್ದ ಮೇಲೆ ಅಸಲಿನ ಬೆಲೆ ಹೋಯಿತು ಅಂತ ಆಗ ಗಂಡ ಮುಖ ಊದಿಸಿಕೊಂಡು ಓಡಾಡಿದ್ದ. ಆಮೇಲೆ ಎಲ್ಲ ದಶಕಗಳನ್ನೂ ಬಿಟ್ಟು ಅವನಿಗೆ ಅಚ್ಚುಮೆಚ್ಚಾದದ್ದು ಅದೇ ಸೈನಿಕ. ಅವಳು ಇನ್ನೊಂದು ತೋಳನ್ನು ಪರ್ರನೆ ಹರಿದು, ಗಂಡನ ಕಣ್ಣೆದುರೇ ಹೊಲಿದಳು. ಇದೊಂದು ಸೋತರೆ ಮುಂದೆ ದಾರಿಯಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅವನು ಎರಡೂ ತೋಳುಗಳನ್ನು ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದ. "ಅವಳ ಹೊಲಿಗೆ ಒತ್ತಾಗಿರತ್ತೆ. ಇದು ಅಂಕುಡೊಂಕು, ಕೈ ನಡುಗೋರದ್ದು."

"ನಾನು ಕಣ್ರೀ! ನಾನೇ!" ಪಕ್ಕದ ಮನೆಗೆ ಕೇಳುವ ಹಾಗೆ ಕಿರುಚಿ ಅವಳು ನೆಲಕ್ಕೆ ಕುಸಿದಳು. ಸತ್ತವರಿಗಾದರೂ ಅಳುವವರಿರುತ್ತಾರೆ, ಬದುಕಿದ್ದೂ ಇಲ್ಲವಾದವಳು ಯಾರ ಹತ್ತಿರ ಹೇಳಿಕೊಳ್ಳಬೇಕು?

ಅವನು ಸೈನಿಕನನ್ನು ಮೇಜಿನ ಮೇಲಿಟ್ಟು, ಅಪರಿಚಿತ ಹೆಂಗಸಿಗೆ ಬಿಡಬೇಕಾದಷ್ಟು ಅಂತರ ಬಿಟ್ಟು ಕೂತ. "ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲಮ್ಮ. ಯಾರೋ ಕಳಿಸಿದ್ದಾರೆ, ಬಂದಿದ್ದೀರಿ. ಆದ್ರೆ ಅವಳು ಎಲ್ಲಿದ್ದಾಳೋ ಏನೋ. ಕತ್ತಲಾದ್ರೆ ಒಬ್ಬಳೇ ಇರೋಕೆ ಹೆದರ್ತಾಳೆ. ಬಾಯಿಬಿಟ್ಟು ಹೇಳಲ್ಲ, ನನಗೆ ಗೊತ್ತು. ಹುಡುಕೋಕೆ ನನ್ನ ಜೊತೆ ಬರ್ತೀರಾ?"

ಅವಳು ಅದನ್ನು ಯಾವತ್ತೂ ಅವನಿಗೆ ಹೇಳಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತ್ತು.

"ಬರ್ತೀನಿ. ಆದ್ರೆ ಖಾಲಿ ಹೊಟ್ಟೇಲಿ ಎಷ್ಟು ದೂರ ನಡೀತೀರಿ? ತಿಂದು, ಮಾತ್ರೆ ನುಂಗಿ, ಹೊರಡಿ."

ಅವನು ತಿಂದ. ಹೆಂಡತಿಗೋಸ್ಕರ ಗಬಗಬನೆ ತಿಂದ, ಮಾತ್ರೆ ನುಂಗಿ ನಾಲಿಗೆ ಚಾಚಿ ತೋರಿಸಿದ. ಅವಳು ಎದುರಿಗೆ ನಿಂತು, ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು ಪಡುತ್ತಾ ನೋಡಿದಳು.

ಬೀದಿ ಕೊನೆಯ ಔಷಧಿ ಅಂಗಡಿಯವನಿಗೆ ಇಬ್ಬರೂ ಹಳೆಯ ಪರಿಚಯ. "ನನ್ನ ಹೆಂಡತಿ ಕಾಣ್ತಿಲ್ಲ, ಈ ಕಡೆ ಏನಾದ್ರೂ ಬಂದಿದ್ಲಾ?" ಅಂತ ಗಂಡ ಕೇಳಿದಾಗ ಅವನು ಕಕ್ಕಾಬಿಕ್ಕಿಯಾಗಿ ಅವಳನ್ನು ನೋಡಿದ. ಏನೂ ಅನ್ನಬೇಡಿ ಅಂತ ಅವಳು ಹಿಂದಿನಿಂದ ಕೈಮುಗಿದಳು.

ಪುಣ್ಯಾತ್ಮನಿಗೆ ಅರ್ಥವಾಯಿತು. "ನೋಡೋಕೆ ಹೇಗಿದ್ದಾರೆ ಸಾರ್?" ಅಂದ.

"ಥೇಟ್ ಇವರ ಹಾಗೇನೇ," ಅಂದ ಗಂಡ ಅವಳತ್ತ ತಿರುಗಿ. "ಅದೇ ಎತ್ತರ, ಅದೇ ಮೂಗು. ಮೋಸ ಹೋಗ್ಬೇಡಿ ಮತ್ತೆ. ಅವಳ ಮುಖದಲ್ಲಿ ಯಾವಾಗ್ಲೂ ನಗು ಇರತ್ತೆ. ನೋಡಿದ ತಕ್ಷಣ ಗೊತ್ತಾಗತ್ತೆ."

ಅವಳು ಅಲ್ಲೇ, ಅಂಗಡಿಯ ಮುಂದೆ ನಿಂತು, ಇದ್ದಬದ್ದ ಜೀವವನ್ನೆಲ್ಲ ತುಟಿಗೆ ತಂದು ನಕ್ಕಳು.

ಗಂಡ ಅವಳ ಮುಖವನ್ನೇ ನೋಡಿ ಮರುಗಿದ. "ಅಳಬೇಡಿಮ್ಮ," ಅಂದ, "ಸಿಗ್ತಾಳೆ."