ಶನಿವಾರದ ಮೂಟೆ

“ಕಳ್ಳ ಮುಂಡೇರಾ! ಒಗೆಯೋಕೆ ಕೂಲಿ ತಗೊಂಡು ಹಾಗೇ ಮಡಚಿ ಕಳಿಸ್ತೀರಾ? ಮೂಸು ಇದನ್ನ. ಮೂಸು ಅಂದ್ರೆ ಮೂಸಬೇಕು!”

ಸೂಪರ್‌ವೈಸರ್ ಎಸೆದ ಹಾಸುಬಟ್ಟೆ, ಎಲ್ಲರೂ ಅತ್ತಿಗೆ ಎಂದು ಕರೆಯುವವಳ ಮುಖಕ್ಕೆ ಬಡಿದು ಕೆಳಗೆ ಜಾರಿತು. ಒದ್ದೆ ನೆಲಕ್ಕೆ ಬೀಳುವ ಮೊದಲೇ ಅವಳ ಕೈ ಅದನ್ನು ಹಿಡಿದುಕೊಂಡಿತು. ಇಪ್ಪತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದ ಕೈ ಅದು. ತನ್ನ ಮಾನ ಬೀದಿಗೆ ಬಿದ್ದರೂ ಬಟ್ಟೆಯನ್ನು ನೆಲಕ್ಕೆ ಬೀಳಗೊಡುವುದಿಲ್ಲ. ಶೆಡ್ಡಿನಲ್ಲಿದ್ದ ಹೆಂಗಸರೆಲ್ಲ ತೊಟ್ಟಿಯೊಳಗೆ ಇಲ್ಲದ ಕೊಳೆ ಹುಡುಕತೊಡಗಿದರು.

ಅವಳು ಮೂಸಿದಳು. ಕುದಿಸಿದ ಸೋಡಾದ ವಾಸನೆ ಇರಲಿಲ್ಲ. ಇಸ್ತ್ರಿಯ ಮಡಿಕೆ ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಮಡಿಕೆ ಅವಳದೇ, ಹೋದ ವಾರದ್ದು. ಯಾರೋ ಹಾಸಿದ್ದಾರೆ, ಸಂಜೆ ತೆಗೆದಿದ್ದಾರೆ, ನಡುವೆ ಒಂದು ಮೈಯೂ ಅದರ ಮೇಲೆ ಹೊರಳಿಲ್ಲ. ಆಮೇಲೆ ಅವಳು ಮೂಲೆ ತಿರುಗಿಸಿ ನೋಡಿದಳು. ಡಯಾಲಿಸಿಸ್ ವಾರ್ಡಿನ ಬಟ್ಟೆ ಬೇರೆ ವಾರ್ಡಿಗೆ ಹೋಗಬಾರದೆಂದು ಮೂಲೆಯಲ್ಲಿ ಕೆಂಪು ದಾರದಿಂದ ಮಂಚದ ಸಂಖ್ಯೆ ಹೊಲಿದಿರುತ್ತಾರೆ. ಇದರ ಮೇಲೆ ನಾಲ್ಕು ಎಂದಿತ್ತು.

“ಇದು ಯಾವತ್ತಿಂದು ಸಾರ್?”

“ಶನಿವಾರದ್ದು. ಒಂದಲ್ಲ, ಏಳು ಸಿಕ್ಕಿವೆ. ಎಲ್ಲರದೂ ಒಂದು ದಿನದ ಕೂಲಿ ಕಟ್. ನಿಂದು ಎರಡು ದಿನ, ಮುಂದಾಳು ಅಂತ ಮೆರೀತೀಯಲ್ಲ, ಅದಕ್ಕೆ.” ಅವನು ಪ್ಯಾಂಟಿನ ಕಾಲು ಎತ್ತಿಕೊಂಡು ನೀರು ದಾಟಿ ಹೋದ.

ಬಟ್ಟೆ ವಿಂಗಡಿಸುವ ಹೊಸ ಹುಡುಗಿ, ಎಲ್ಲರೂ ಚೋಟು ಎಂದು ಕರೆಯುವವಳು, ಅಳುತ್ತ ಬಂದು ನಿಂತಳು. “ತಪ್ಪಾಯ್ತು ಅತ್ತಿಗೆ. ಡಯಾಲಿಸಿಸ್ ವಾರ್ಡಿಂದ ಹನ್ನೆರಡು ಬರ್ತವಲ್ಲ, ಶನಿವಾರದ್ದರಲ್ಲಿ ಏಳು ಮಾಸಿರೋದೇ ಇಲ್ಲ. ಮಾಸದೇ ಇರೋದನ್ನ ಯಾಕೆ ಕುದಿಸೋದು ಅಂತ ಮಡಚಿ ಇಡ್ತಿದ್ದೆ. ಐದು ವಾರ ಆಯ್ತು.”

ಐದು ವಾರ. ಶನಿವಾರದ ಮೂಟೆ ಹಗುರಾಯಿತೆಂದು ಇಡೀ ಶೆಡ್ಡು ಹಿಗ್ಗಿತ್ತು. ವಾರಕ್ಕೊಂದು ದಿನವಾದರೂ ಬೆಳಕಿರುವಾಗಲೇ ಮನೆ ಸೇರುತ್ತಿದ್ದರು. ಹೆರಿಗೆ ವಾರ್ಡಿನ ಮೂಟೆಯೂ ಮಕ್ಕಳ ವಾರ್ಡಿನ ಮೂಟೆಯೂ ಸೊರಗಿದ್ದವು. “ಸದ್ಯ, ಜನಕ್ಕೆ ಕಾಯಿಲೆ ಕಮ್ಮಿಯಾಗಿದೆ” ಎಂದು ಅತ್ತಿಗೆಯೇ ನಗುತ್ತ ಹೇಳಿದ್ದಳು. ಆ ಮಾತು ಈಗ ನೆನಪಾಗಿ ಅವಳಿಗೆ ತನ್ನ ಬಾಯಿಯ ಮೇಲೇ ಹೇಸಿಗೆಯಾಯಿತು. ನಾಲ್ಕನೇ ಮಂಚ ಅವಳ ಗಂಡನದು.

ಅವನು ಇದೇ ಶೆಡ್ಡಿನ ಬಾಯ್ಲರಿಗೆ ಸೌದೆ ಒಟ್ಟುತ್ತಿದ್ದವನು. ಮೂತ್ರಪಿಂಡ ಕೈಕೊಟ್ಟದ್ದು ವರ್ಷಗಟ್ಟಲೆ ಬೆಂಕಿಯ ಮುಂದೆ ನೀರು ಕುಡಿಯದೆ ನಿಂತದ್ದಕ್ಕೋ, ಮುಷ್ಕರದಲ್ಲಿ ಬೆನ್ನಿಗೆ ಬಿದ್ದ ಲಾಠಿಗೋ, ಯಾವ ಡಾಕ್ಟರೂ ಬಾಯಿಬಿಟ್ಟು ಹೇಳಲಿಲ್ಲ. ಮಂಗಳವಾರ, ಗುರುವಾರ, ಶನಿವಾರ ಮಿಷನ್ನಿಗೆ ಕೈ ಕೊಟ್ಟು ಮಲಗಬೇಕು. “ನೀನು ಬಟ್ಟೆ ಒಗಿ, ಅದು ನನ್ನ ರಕ್ತ ಒಗೀಲಿ. ಮನೇಲಿ ಕೊಳೆ ಅನ್ನೋದೇ ಇರಲ್ಲ” ಎಂದು ಅವನು ನಗಿಸುತ್ತಿದ್ದ. ಮೂರರಲ್ಲಿ ಒಂದು ತಪ್ಪಿದರೂ ನೀರು ಕಾಲಿಂದ ಎದೆಗೆ ಏರುತ್ತದೆ ಎಂದು ಡಾಕ್ಟರು ಮೊದಲ ದಿನವೇ ಎಚ್ಚರಿಸಿದ್ದರು.

ಆ ಮುಷ್ಕರ ನಡೆದದ್ದು ಪುಕ್ಕಟೆ ಚಿಕಿತ್ಸೆಯ ಕಾರ್ಡಿಗಾಗಿ. ಬಟ್ಟೆ ಒಗೆಯುವವರು, ಕಕ್ಕಸು ತೊಳೆಯುವವರು, ಹೆಣ ಹೊರುವವರು, ಎಲ್ಲರೂ ಹತ್ತೊಂಬತ್ತು ದಿನ ಗೇಟಿನ ಮುಂದೆ ಕೂತಿದ್ದರು. ಮೈಕು ಹಿಡಿದವನು ಅವಳ ಮೈದುನ. ಅವಳು ಮದುವೆಯಾಗಿ ಬಂದಾಗ ಮೂಗು ಸೋರಿಸಿಕೊಂಡು ಓಡಾಡುತ್ತಿದ್ದ ಆ ತಬ್ಬಲಿಯನ್ನು ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದವಳು ಅವಳೇ. “ನಮ್ಮತ್ತಿಗೆಯ ಕೈ ನೋಡಿ!” ಎಂದು ಅವನು ಬಿರಿದ ಅವಳ ಅಂಗೈಯನ್ನು ಜನರಿಗೆಲ್ಲ ಎತ್ತಿ ತೋರಿಸಿದ್ದ. ಅಂದಿನಿಂದ ಅವಳು ಇಡೀ ಆಸ್ಪತ್ರೆಗೆ ಅತ್ತಿಗೆಯಾದಳು. ಕಾರ್ಡು ಬಂತು. ಬಡವರು ಬಿಡಿಗಾಸೂ ಕೊಡಬೇಕಿಲ್ಲ ಎಂದಾಯಿತು. ಮೈದುನ ಆಸ್ಪತ್ರೆಯ ಸಮಿತಿಗೆ ಸದಸ್ಯನಾದ.

ಎರಡು ತಿಂಗಳ ಹಿಂದೆ ಅದೇ ಸಮಿತಿ ಹೊಸ ನಿಯಮ ತಂದಿತು. ಕಾರ್ಡಿದ್ದರೂ ರೋಗಿ ಪ್ರತಿಸಲ ತನ್ನ ಪಾಲು ಕಟ್ಟಬೇಕು. ಒಂದು ಸಲದ ಪಾಲೆಂದರೆ ಶೆಡ್ಡಿನ ಒಂದು ದಿನದ ಕೂಲಿ. ಮೈದುನನೇ ಬಂದು ವಿವರಿಸಿದ್ದ: “ಪುಕ್ಕಟೆ ಅಂದ್ರೆ ಭಿಕ್ಷೆ. ಪಾಲು ಕೊಟ್ರೆ ಹಕ್ಕು. ನಾವೇನು ಭಿಕ್ಷುಕರಾ?” ಹೆಂಗಸರು ಚಪ್ಪಾಳೆ ತಟ್ಟಿದ್ದರು. ಅವನು ಹೇಳಿದ್ದಕ್ಕೆಲ್ಲ ಚಪ್ಪಾಳೆ ತಟ್ಟಿ ಅವರಿಗೆ ರೂಢಿಯಾಗಿಬಿಟ್ಟಿತ್ತು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ಗಂಡ ಗೋಡೆಗೊರಗಿ ಕೂತಿದ್ದ.

“ಶನಿವಾರ ಎಲ್ಲಿಗೆ ಹೋಗ್ತೀಯ?”

“ಇನ್ನೆಲ್ಲಿಗೆ? ಆಸ್ಪತ್ರೆಗೆ.”

“ಬೊಗಳಬೇಡ! ನಿನ್ನ ಬೆಡ್‌ಶೀಟು ನನ್ನ ಮುಖದ ಮೇಲೆ ಬಂದು ಬಿತ್ತು ಇವತ್ತು. ಒಂದು ಸುಕ್ಕಿಲ್ಲ ಅದರಲ್ಲಿ. ಕೈಗೆ ಪ್ಲಾಸ್ಟರ್ ಅಂಟಿಸಿಕೊಂಡು ಬರ್ತಿದ್ಯಲ್ಲೋ, ಅದೆಲ್ಲಿ ಸಿಗ್ತಿತ್ತು?”

ಅವನು ಅಂಗಿಯ ತೋಳನ್ನು ಕೆಳಗೆಳೆದುಕೊಂಡ. “ಗುರುವಾರದ್ದು ತೆಗೆದಿಟ್ಟುಕೊಂಡು ಅದನ್ನೇ ಹಚ್ಚಿಕೊಳ್ತಿದ್ದೆ. ಬಸ್‌ಸ್ಟ್ಯಾಂಡಲ್ಲಿ ಕೂತಿರ್ತಿದ್ದೆ, ನಾಕು ಗಂಟೆ.”

“ಯಾಕೋ? ನಾನು ಸತ್ತಿದ್ನಾ?”

“ನನ್ನ ಪಾಲು ಕಟ್ಟೋಕೆ ಮಧ್ಯಾಹ್ನದ ಡಬ್ಬಿ ಖಾಲಿ ಒಯ್ದು ಖಾಲಿ ತರ್ತೀಯ. ಕಿಡ್ನಿ ಹೋಗಿದೆ ಕಣೇ, ಕಣ್ಣು ಹೋಗಿಲ್ಲ.”

ಅವಳು ಕುಸಿದು ಕೂತು ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಒತ್ತಿದರೆ ಬೆರಳು ಒಳಗಿಳಿಯಿತು. ತೆಗೆದ ಮೇಲೂ ಗುಳಿ ತುಂಬಲಿಲ್ಲ. ಇಷ್ಟು ದಿನ ಒಂದೇ ಚಾಪೆಯಲ್ಲಿ ಮಲಗಿ ಇದನ್ನು ನೋಡದೇ ಹೋದೆನಲ್ಲ ಎಂದು ಅವಳು ತಲೆ ಚಚ್ಚಿಕೊಂಡಳು. ಅವನು ಸುಳ್ಳು ಹೇಳಿದ್ದಕ್ಕಿಂತ, ಆ ಸುಳ್ಳನ್ನು ಅವನಿಂದ ಹೇಳಿಸಿದವನು ತಾನು ತುತ್ತಿಟ್ಟು ಬೆಳೆಸಿದವನೇ ಎಂಬುದು ಹೆಚ್ಚು ಸುಟ್ಟಿತು.

ಮರುದಿನ ಸಮಿತಿಯ ಕೋಣೆಗೆ ಹೋದಳು. ಮೈದುನನ ಎದುರು ಟೈ ಕಟ್ಟಿಕೊಂಡ ದೊಡ್ಡ ಅಧಿಕಾರಿಯೊಬ್ಬ ಕೂತಿದ್ದ.

“ಪಾಲು ತಂದ ಮೇಲೆ ರಶ್ ಎಷ್ಟು ಇಳಿದಿದೆ ನೋಡಿ,” ಅಧಿಕಾರಿ ಹೇಳುತ್ತಿದ್ದ. “ಸುಮ್ಮಸುಮ್ಮನೆ ಬಂದು ಮಲಗ್ತಿದ್ದೋರು ನಿಂತರು. ಇದಕ್ಕೇ ನಿಮ್ಮಂಥೋರು ಸಮಿತೀಲಿ ಬೇಕು ಅನ್ನೋದು.” ಬಾಗಿಲಲ್ಲಿ ನಿಂತವಳನ್ನು ಕಂಡು ಅವನ ಹುಬ್ಬು ಮೇಲೇರಿತು. “ಯಾರಿದು?”

ಮೈದುನ ಅವಳ ಕಡೆ ನೋಡದೆಯೇ ಹೇಳಿದ: “ಲಾಂಡ್ರಿ ಹೆಂಗಸು ಸಾರ್. ಏನೋ ಅರ್ಜಿ ಇರಬೇಕು.”

ಅಧಿಕಾರಿ ಎದ್ದು ಹೋಗುವವರೆಗೆ ಲಾಂಡ್ರಿ ಹೆಂಗಸು ಗೋಡೆಗೆ ಅಂಟಿಕೊಂಡು ನಿಂತಳು. ಬಾಗಿಲು ಮುಚ್ಚಿದ ಮೇಲೆ ಮೈದುನ ಕುರ್ಚಿ ಎಳೆದ. “ಕೂತ್ಕೋ ಅತ್ತಿಗೆ.”

“ಈಗ ಅತ್ತಿಗೆಯಾದ್ನಾ?”

ಅವನ ಮುಖ ಸಣ್ಣದಾಯಿತು. ಅಣ್ಣನ ಸುದ್ದಿ ಕೇಳಿ ನಿಜಕ್ಕೂ ಕಣ್ಣು ಒರೆಸಿಕೊಂಡ. ಆಮೇಲೆ ಡ್ರಾಯರಿನಿಂದ ಎರಡು ಕಾಗದ ತೆಗೆದು ಪಕ್ಕಪಕ್ಕ ಇಟ್ಟ.

“ಸಮಿತಿ ಸದಸ್ಯರ ಮನೆಯವರಿಗೆ ಪಾಲು ಇಲ್ಲ. ಇದರಲ್ಲಿ ಅಣ್ಣನ ಹೆಸರು ಸೇರಿಸಿದೀನಿ. ಶನಿವಾರ ಅವನು ಮಂಚದ ಮೇಲೆ ಇರ್ತಾನೆ, ನನ್ನಾಣೆ. ಇನ್ನೊಂದು, ಲಾಂಡ್ರಿಯೋರಿಗೆಲ್ಲ ಪಾಲು ಒಪ್ಪಿಗೆ ಅಂತ. ನೀನು ಮೊದಲು ಸಹಿ ಹಾಕಿದ್ರೆ ಉಳಿದೋರು ಕಣ್ಣು ಮುಚ್ಚಿಕೊಂಡು ಹಾಕ್ತಾರೆ. ಎರಡೂ ಒಟ್ಟಿಗೇ ಆಗಬೇಕು, ಅಷ್ಟೇ.”

“ಉಳಿದ ಆರು ಮಂಚ?”

“ಯಾವ ಆರು ಮಂಚ?”

ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದು ಸುಮ್ಮನಿದ್ದಿದ್ದರೆ ಅವಳು ಎರಡು ಬಾರಿಸಿ ಬರಬಹುದಿತ್ತು.

“ಊರಿನ ಭಾರ ಎಲ್ಲ ನೀನ್ಯಾಕೆ ಹೊರ್ತೀಯ ಅತ್ತಿಗೆ?” ಎಂದ ಅವನು, ಮೆತ್ತಗೆ.

“ಹೊರೋದು ಹೆಂಗೆ ಅಂತ ಮೈಕಲ್ಲಿ ಕೂಗಿ ಹೇಳ್ಕೊಟ್ಟೋನು ನೀನೇ ಕಣೋ, ಬೇವರ್ಸಿ.”

ಆದರೂ ಅವಳು ಕಾಗದಗಳನ್ನು ಸೆರಗಿಗೆ ಕಟ್ಟಿಕೊಂಡೇ ಬಂದಳು. ಸಹಿ ಹಾಕಬೇಕೆಂದು ಅವಳಿಗೆ ಆಸೆಯಿತ್ತು. ಅದರಲ್ಲಿ ಸುಳ್ಳೇನು? ಗಂಡನ ಉಸಿರು ಗೊರಗೊರ ಎನ್ನುವಾಗ ಯಾವ ಹೆಂಡತಿ ಪಕ್ಕದ ಮಂಚದ ಲೆಕ್ಕ ಹಾಕುತ್ತಾಳೆ? ಕಾಗದ ಬಿಚ್ಚಿ ಅವನ ಮುಂದೆ ಹರಡಿದಳು.

“ನಂಗೆ ಬದುಕಬೇಕು ಕಣೇ,” ಅವನು ಹೇಳಿದ. ತನ್ನ ಅಂಗಿಯ ಅಂಚು ಹಿಡಿದು, “ಒಂಬತ್ತನೇ ಮಂಚದ ಟೈಲರು ನಂಗೆ ಹೊಲಿದುಕೊಟ್ಟ ಅಂಗಿ ಇದು. ಈಚೆಗೆ ಅವನು ಮಂಗಳವಾರಾನೂ ಕಾಣ್ತಿಲ್ಲ. ಅವನನ್ನ ಬಿಟ್ಟು ನಾನೊಬ್ಬನೇ ಹೋಗಿ ಹೆಂಗೆ ಮಲಗಲಿ?” ಎಂದ. ಹಾಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಬೆಳಗ್ಗೆ ಅವಳು ಏಳು ಹಾಸುಬಟ್ಟೆಗಳನ್ನೂ ಶೆಡ್ಡಿನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಕಾಗದದ ವಿಷಯವನ್ನೂ ಮುಚ್ಚಿಡಲಿಲ್ಲ. “ಹಗುರ ಆಯ್ತು ಅಂತ ಕುಣಿದ್ವಲ್ಲ, ಯಾರ್ಯಾರ ಮೈ ಭಾರ ಕಮ್ಮಿಯಾಗಿದೆ ಅಂತ ನೋಡ್ಕೊಂಡು ಬರೋಣ ಬರ್ರೇ.” ರೋಗಿಗಳ ಗಾಡಿ ತಳ್ಳುವವನಿಂದ ಮನೆಗಳ ಗುರುತು ಕೇಳಿಕೊಂಡು ಒಬ್ಬೊಬ್ಬರು ಒಂದೊಂದು ಮನೆಗೆ ಹೊರಟರು. ಗಾರೆ ಕೆಲಸದವನು ಏಣಿ ಹತ್ತಲಾರದೆ ಮನೆಯಲ್ಲೇ ಬಿದ್ದಿದ್ದ. ಮಾರ್ಕೆಟ್ಟಿನ ಹಮಾಲಿಯ ಮುಖ ಊದಿ ಕಣ್ಣೇ ಕಾಣುತ್ತಿರಲಿಲ್ಲ. ಚೋಟು ಹೋದದ್ದು ಟೈಲರನ ಮನೆಗೆ. ಬಾಗಿಲು ತೆಗೆದ ಅವನ ಹೆಂಡತಿ ಇವಳ ಕೈಯಲ್ಲಿದ್ದ ಬಟ್ಟೆಯ ಸಂಖ್ಯೆ ನೋಡಿದಳು. “ಹೋಗಿ ಹನ್ನೊಂದು ದಿನ ಆಯ್ತು. ಈಗ ಬಂದ್ಯಾ?” ಎಂದು ಬಾಗಿಲು ಹಾಕಿಕೊಂಡಳು.

ಶನಿವಾರ ಅವರು ಪಾಲು ಕಟ್ಟುವ ಕೌಂಟರಿನ ಮುಂದೆ ನಿಲ್ಲಲಿಲ್ಲ. “ರಸೀದಿ! ರಸೀದಿ ಎಲ್ಲಿ?” ಎಂದು ಗುಮಾಸ್ತ ಕೂಗುತ್ತ ಹಿಂದೆಯೇ ಓಡಿಬಂದ. ಒದ್ದೆ ಸೀರೆಯ ಹೆಂಗಸರು ರೋಗಿಗಳ ತೋಳು ಹಿಡಿದುಕೊಂಡು ವಾರ್ಡಿನೊಳಗೆ ನುಗ್ಗಿದರು. ಕುದಿಸಿ, ಒಣಗಿಸಿ, ಇಸ್ತ್ರಿ ಹಾಕಿದ ಹಾಸುಬಟ್ಟೆಗಳನ್ನು ಖಾಲಿ ಬಿದ್ದಿದ್ದ ಮಂಚಗಳ ಮೇಲೆ ಸಂಖ್ಯೆ ನೋಡಿ ಹಾಸಿದರು. ಆರು ಜನ ಮಲಗಿದರು. ಒಂಬತ್ತನೆಯದನ್ನು ಚೋಟು ಒಂದು ಗೆರೆಯೂ ಬೀಳದ ಹಾಗೆ ಎಳೆದೆಳೆದು ಹಾಸಿ, ಕಾಲ ಬಳಿ ನಿಂತಳು.

ಮೈದುನ ಏದುಸಿರು ಬಿಡುತ್ತ ಬಂದ. “ಏನು ನಾಟಕ ಇದು ಅತ್ತಿಗೆ? ಆ ಕಾಗದ ಎಲ್ಲಿ?”

ಅವಳು ಸೆರಗಿನ ಗಂಟು ಬಿಚ್ಚಿ ಬಿಳೀ ಮುದ್ದೆಯೊಂದನ್ನು ಅವನ ಕೈಗಿಟ್ಟಳು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. “ಎರಡನ್ನೂ ಒಗೆದುಬಿಟ್ಟೆ. ನಮಗೆ ಬರೋದು ಅದೊಂದೇ ಕೆಲಸ.”

“ನಿಂಗೆ ತಲೆ ಕೆಟ್ಟಿದೆ. ಅಣ್ಣನ್ನ ನೀನೇ ಕೊಲ್ತಾ ಇದೀಯ.” ಅವನು ಹಿಂದಕ್ಕೆ ಸರಿದು ಒಂಬತ್ತನೇ ಮಂಚದ ಅಂಚಿನಲ್ಲಿ ಕೂತುಬಿಟ್ಟ.

“ಅಲ್ಲಿಂದ ಎದ್ದೇಳು,” ಎಂದಳು ಅತ್ತಿಗೆ.

“ಖಾಲಿ ಇದೆಯಲ್ಲ...”

“ನೀನು ರೂಲ್ಸಿಗೆ ಸಹಿ ಹಾಕಿದ ಮೇಲೆ ಖಾಲಿಯಾಗಿದ್ದು. ಟೈಲರ್ ಮಂಚ ಅದು. ಎದ್ದೇಳೋ!”

ಅವನು ಎದ್ದ. ಕೂತಲ್ಲಿ ಬಟ್ಟೆ ಸುಕ್ಕಾಗಿತ್ತು. ಚೋಟು ಬಗ್ಗಿ ಅದನ್ನು ಮತ್ತೆ ನೆಟ್ಟಗೆ ಮಾಡಿದಳು. ಆರೂ ಮಂಚಗಳಿಂದ ಆರು ಕೈಗಳು ಅಂಗೈ ಮೇಲಾಗಿ ಚಾಚಿಕೊಂಡಿದ್ದವು. ಸಿಸ್ಟರು ಸೂಜಿಯ ಪೊಟ್ಟಣ ಹಿಡಿದು ಗುಮಾಸ್ತನನ್ನು ನೋಡಿದಳು. ಗುಮಾಸ್ತ ಸಮಿತಿ ಸದಸ್ಯನನ್ನು ನೋಡಿದ. ಸಮಿತಿ ಸದಸ್ಯ ಕೈಯಲ್ಲಿದ್ದ ಮುದ್ದೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ.

“ಬೇಗ ಚುಚ್ಚು ಸಿಸ್ಟರ್,” ಎಂದ ನಾಲ್ಕನೇ ಮಂಚದವನು, ಉಸಿರಿಗೆ ತಡಕಾಡುತ್ತ. “ಕೈ ಸೋಲ್ತಾ ಇದೆ.”