ತಗೊಳ್ಳೋರ ಹೆಸರು

ಕೊಡದ ತಳದಲ್ಲಿ ಉಳಿದಿದ್ದ ನೀರನ್ನು ತಾಯಿ ತಾಯಕ್ಕನ ಪಾದಗಳ ಮೇಲೆ ಸುರಿದು ಹೇಮಾವತಿ ಖಾಲಿ ಕೊಡವನ್ನು ಹಿಂದಕ್ಕೆ ಚಾಚಿದಳು. ಯಾರೋ ಅದನ್ನು ಇಸಿದುಕೊಂಡು ಇನ್ನೊಂದು ತುಂಬಿದ ಕೊಡ ಕೊಟ್ಟರು. ಅಂಗಳದ ಮಣೆಯ ಮೇಲೆ ಕೂರಿಸಿದ್ದ ಹೆಣದ ತಲೆ ಒಂದು ಬದಿಗೆ ವಾಲಿತು. ಪಕ್ಕದ ಮನೆಯ ಚೆನ್ನಬಸಮ್ಮ ಗದ್ದ ಹಿಡಿದು ನೆಟ್ಟಗೆ ಮಾಡಿದಳು.

ಅಂದು ನೀರು ತುಂಬುವ ಹಬ್ಬ. ದೀಪಾವಳಿಗೆ ಮುಂಚಿನ ಆ ಸಂಜೆ ಹೊಸಪೇಟೆಯ ಮನೆಗಳಲ್ಲಿ ಕೊಡಗಳನ್ನು ಬೆಳಗಿ ಹೊಸ ನೀರು ತುಂಬಿ ಪೂಜಿಸಬೇಕು. ಅದಕ್ಕೆಂದು ಬೆಳಗಿಟ್ಟ ಕೊಡಗಳನ್ನೇ ಓಣಿಯ ಹೆಂಗಸರು ಹೊತ್ತು ತಂದಿದ್ದರು. ಸಾವಿನ ಮನೆಗೆ ಹಬ್ಬದ ಕೊಡ ತರುವುದುಂಟೇ ಎಂದು ತಾಯಕ್ಕನ ಮೈದುನ ಜಂಬುನಾಥ ಬಾಗಿಲಲ್ಲಿ ನಿಂತು ಗೊಣಗಿದ.

“ತಿಕ್ಕಿ ತೊಳದ್ರ ಆತು. ಸ್ಟೀಲಿಗೆ ಯಾವ ಸೂತಕ?” ಎಂದಳು ಚೆನ್ನಬಸಮ್ಮ. “ನೀವು ಆ ಕಡಿ ಹೋಗ್ರಿ. ಹೆಂಗಸ್ರ ಜಳಕ ಇದು.”

ಕೊನೆಗೆ ಹನ್ನೊಂದು ಖಾಲಿ ಕೊಡಗಳು ಅಂಗಳದಲ್ಲಿ ಉರುಳಿಕೊಂಡಿದ್ದವು. ಎಲ್ಲ ಒಂದೇ ಆಕಾರ, ಒಂದೇ ಹೊಳಪು. ಬೇರೆ ಓಣಿಯಲ್ಲಾದರೆ ಅದಲುಬದಲಾಗಿ ಆರು ತಿಂಗಳು ಮಾತು ಬಿಡುತ್ತಿದ್ದರು. ಇಲ್ಲಿ ಒಬ್ಬೊಬ್ಬಳೂ ಬಗ್ಗಿ, ಕೊಡದ ಕಂಠದ ಕೆಳಗೆ ನೋಡಿ, ತನ್ನದನ್ನು ಎತ್ತಿಕೊಂಡಳು. ರೇಣುಕಮ್ಮ. ಯಮುನಾಬಾಯಿ. ಓದಲು ಬಾರದ ಕರೆಮ್ಮ ತನ್ನ ಹೆಸರಿನ ಚುಕ್ಕೆಗಳ ಮೇಲೆ ಹೆಬ್ಬೆರಳು ಆಡಿಸಿ ಗುರುತು ಹಿಡಿದಳು. ಎಲ್ಲವನ್ನೂ ಕೊರೆದದ್ದು ತಾಯಕ್ಕನ ಕೈ.

*

ಪಾತ್ರೆಯ ಮೇಲೆ ಕೊಟ್ಟವರ ಹೆಸರು ಹಾಕಿಸುವುದು ಎಲ್ಲ ಕಡೆಯ ರೂಢಿ. ಕೊಟ್ಟವನು ಸತ್ತ ಮೇಲೂ ಅವನ ಹೆಸರು ಇನ್ನೊಬ್ಬರ ಅಡುಗೆಮನೆಯಲ್ಲಿ ಮಿಣುಗುತ್ತಿರುತ್ತದೆ. ತಾಯಕ್ಕನ ಮದುವೆಗೂ ಹಾಗೆಯೇ ನಲವತ್ತು ಪಾತ್ರೆಗಳು ಬಂದಿದ್ದವು.

ಗಂಡ ತೀರಿಕೊಂಡಾಗ ಮಗಳು ಹೇಮಾವತಿಗೆ ನಾಲ್ಕು ವರ್ಷ. ತಿಂಗಳು ತುಂಬುವುದರೊಳಗೆ ಕಂಪ್ಲಿಯ ಮನೆಯ ಪಡಸಾಲೆಯಲ್ಲಿ ಆ ನಲವತ್ತನ್ನೂ ಹರವಿದರು. ಮನೆಯಲ್ಲಿ ಕಾಲೇಜು ಹತ್ತಿದವನು ಜಂಬುನಾಥ ಒಬ್ಬನೇ. ಅವನು ಒಂದೊಂದನ್ನೂ ಬೆಳಕಿಗೆ ಹಿಡಿದು ಹೆಸರು ಓದಿದ. ಗಂಡನ ಕಡೆಯವರು ಕೊಟ್ಟಿದ್ದು ಈ ಮನೆಗೆ, ಹೆಣ್ಣಿನ ಕಡೆಯವರು ಕೊಟ್ಟಿದ್ದು ಅವಳಿಗೆ ಎಂದು ಹಿರಿಯರು ತೀರ್ಮಾನಿಸಿದರು. ತಾಯಕ್ಕನ ತವರಿನವರು ಅಕ್ಕಿ ಕೊಟ್ಟಿದ್ದರು, ಸೀರೆ ಕೊಟ್ಟಿದ್ದರು. ಸ್ಟೀಲು ಕೊಡುವ ಶಕ್ತಿ ಅವರಿಗಿರಲಿಲ್ಲ. ಮಾತು ನ್ಯಾಯವಾಗಿಯೇ ಕೇಳಿಸಿತು. ಯಾವ ಪಾತ್ರೆಯಲ್ಲಿ ಅವಳು ಆರು ವರ್ಷ ಅನ್ನ ಮಾಡಿದ್ದಳೋ ಅದರ ಮೇಲೆ ಗಂಡನ ಸೋದರಮಾವನ ಹೆಸರಿತ್ತು.

ಮಗುವನ್ನು ಎತ್ತಿಕೊಂಡು ಹೊಸಪೇಟೆಯ ಬಸ್ಸು ಹತ್ತಿದಳು. ಪಾತ್ರೆ ಅಂಗಡಿಯೊಂದರಲ್ಲಿ ಧೂಳು ಒರೆಸುವ ಕೆಲಸಕ್ಕೆ ಸೇರಿ, ಹೆಸರು ಹಾಕುವ ಮಷೀನು ಹಿಡಿಯುವುದನ್ನು ನೋಡಿ ಕಲಿತಳು. ಮುಂದೆ ಬಜಾರಿನ ಹಿಂದಿನ ಸಾಲಿನಲ್ಲಿ ಎಂಟಡಿಯ ಮಳಿಗೆ ಹಿಡಿದಾಗ ಒಂದೇ ಕಟ್ಟಳೆ ಮಾಡಿಕೊಂಡಳು. ಕೊಡೋರ ಹೆಸರು ಹಾಕುವುದಿಲ್ಲ. ತಗೊಳ್ಳೋರ ಹೆಸರು ಹಾಕುತ್ತೇನೆ. ಬೇಕಾದವರು ನಿಲ್ಲಬಹುದು, ಬೇಡದವರಿಗೆ ಬಜಾರಿನ ತುಂಬ ಅಂಗಡಿಗಳಿವೆ.

ಕೆಲವರು ಹೋದರು. ಪಂಚಮಿಗೂ ದೀಪಾವಳಿಗೂ ಅಕ್ಕತಂಗಿಯರಿಗೆ ಕೊಡಲು ಪಾತ್ರೆ ಹುಡುಕಿ ಬರುವವರು ಮಾತ್ರ ತಿರುಗಿ ತಿರುಗಿ ಅಲ್ಲಿಗೇ ಬಂದರು.

*

ಸ್ಮಶಾನದಲ್ಲಿ ಕುಣಿ ತೋಡುವವರು ಇನ್ನೂ ಫೋನು ಮಾಡಿರಲಿಲ್ಲ. ಗಂಡಸರು ಕಟ್ಟೆಯ ಮೇಲೆ ಕೂತಿದ್ದರು. ಬುಕ್ಕಸಾಗರದ ಪಂಪೇಶ್ ಭತ್ತದ ಕೆಲಸ ಬಿಟ್ಟು ತಾಯಕ್ಕನ ಮಣ್ಣಿಗೆ ಬಂದಿದ್ದ. ಈ ಮನೆಗೆ ಅವನು ಬಂಧುವಲ್ಲ, ಬರೀ ಗಿರಾಕಿ.

“ಕಂಪ್ಲ್ಯಾಗಿರೋ ನಮ್ಮಕ್ಕಗ ಒಂದು ಕೊಡ ಅಂತ ಬಂದಿದ್ದೆ,” ಎಂದ. “ಹೆಸರೇನಪಾ ಅಂದ್ಲು ತಾಯಕ್ಕ. ಪಾಪಕ್ಕ ಅಂದೆ. ಅದು ಕರಿಯೋ ಹೆಸರು, ಇಟ್ಟ ಹೆಸರು ಹೇಳು ಅಂದ್ಲು. ನಲವತ್ತು ವರ್ಷದಾಂವ ನಾನು, ನಂಗ ಗೊತ್ತಿಲ್ಲ. ಅಕ್ಕನ ಹೆಸರು ಗೊತ್ತಿಲ್ದಾಂವಗ ಕೊಡ ಮಾರಲ್ಲ, ಹೊರಗ ಹೋಗಿ ಕೇಳ್ಕೊಂಬಾ ಅಂತ ಹೊಂಡಿಸಿಬಿಟ್ಲು. ಗಿರಾಕಿ ಎಲ್ಲಾ ನಗಾಕತ್ತಿದ್ರು.”

“ಕೇಳಿದ್ಯಾ?” ಎಂದರು ಯಾರೋ.

“ಫೋನ್ ಹಚ್ಚಿದೆ. ಅಕ್ಕ, ಶಾಂಭವಿ ಅಂತ ಲೇ, ಯಾರೂ ಕರಿಲಾರದ್ದಕ್ಕ ನಾನೂ ಮರ್ತಿದ್ದೆ ಅಂದ್ಲು.”

ಕಟ್ಟೆಯ ಮೇಲೆ ನಗು ಎದ್ದು, ಎಲ್ಲಿದ್ದೇವೆ ಎಂಬುದು ನೆನಪಾಗಿ ನಿಂತಿತು.

ಅಷ್ಟರಲ್ಲಿ ಹೂವಿನಿಂದ ಮುಚ್ಚಿದ ವ್ಯಾನೊಂದು ಓಣಿಗೆ ಬಂತು. ಎರಡೂ ಮಗ್ಗುಲಿಗೆ ಮಲ್ಲಿಕಾರ್ಜುನ್ ಎಂಬ ಹೆಸರು, ಕೈಮುಗಿದ ಫೋಟೋ. ತಾಯಕ್ಕನ ಅಂಗಡಿಯಿದ್ದ ಮಳಿಗೆ ಸಾಲನ್ನು ಹೋದ ವರ್ಷ ಕೊಂಡವನು ಅವನೇ. ಬರುವ ವರ್ಷ ವಾರ್ಡಿನ ಚುನಾವಣೆಗೆ ನಿಲ್ಲುವವನೂ ಅವನೇ. ವ್ಯಾನು ಬೇಡವೆನ್ನಲು ಹೇಮಾವತಿ ಬಾಯಿ ತೆರೆಯುವ ಮೊದಲೇ ಜಂಬುನಾಥ ನಾಲ್ವರನ್ನು ಕರೆದು ಹೆಣವನ್ನು ಏರಿಸಿಯಾಗಿತ್ತು. ಅವಳೂ ಹತ್ತಿ ತಾಯಿಯ ಪಕ್ಕ ಕೂತಳು. ಚೆನ್ನಬಸಮ್ಮ ಅವಳನ್ನೇ ನೋಡುತ್ತ ನಿಂತಳು.

*

ಹದಿನೈದು ದಿನದ ಹಿಂದೆ ಮಲ್ಲಿಕಾರ್ಜುನ್ ಆರುನೂರು ಬುತ್ತಿ ಡಬ್ಬಿಗಳನ್ನು ಹೇರಿಸಿಕೊಂಡು ಅಂಗಡಿಗೆ ಬಂದಿದ್ದ. ದೀಪಾವಳಿಗೆ ವಾರ್ಡಿನ ಮನೆಮನೆಗೂ ಹಂಚಬೇಕು, ಮುಚ್ಚಳದ ಮೇಲೆ ತನ್ನ ಹೆಸರಿರಬೇಕು. ತಾಯಕ್ಕ ಮಷೀನು ನಿಲ್ಲಿಸದೆ, ಯಾರಿಗೆ ಕೊಡುತ್ತೀಯ ಎಂದು ಕೇಳಿದಳು. ಎಲ್ಲರಿಗೂ ಎಂದ.

“ಎಲ್ಲಾರು ಅಂದ್ರ ಹೆಸರೇನು?”

ಅಂಗಡಿಯಲ್ಲಿದ್ದವರು ಬಾಯಿಗೆ ಸೆರಗು ಒತ್ತಿಕೊಂಡರು. ಮಾತು ಬಜಾರಿನಲ್ಲಿ ವಾರವಿಡೀ ಓಡಾಡಿತು. ಡಬ್ಬಿಗಳು ಬಂದ ಹಾಗೇ ತಿರುಗಿ ಹೋದವು. ಹೋಗುವಾಗ ಅವನು ನಗುತ್ತಲೇ, ಮಳಿಗೆಯ ಕರಾರು ತಾಯಕ್ಕನ ಹೆಸರಿಗೆ ಮಾತ್ರ ಇದೆ, ಅವಳ ನಂತರ ಇಲ್ಲ ಎಂದು ನೆನಪಿಸಿದ್ದ.

ಶಟರ್ ಎಳೆಯುವಾಗ ಹೇಮಾವತಿ ತಾಯಿಯ ಮೇಲೆ ರೇಗಿದ್ದಳು. ಒಂದು ಸಲ ಹಾಕಿದ್ದರೆ ಕೈ ಸವೆಯುತ್ತಿತ್ತೇ? ನಾಳೆ ನೀನಿಲ್ಲದಾಗ ನಾನು ಎಲ್ಲಿ ಕೂರಲಿ? ಹನ್ನೆರಡನೇ ವಯಸ್ಸಿನಿಂದ ಅವಳು ಅಲ್ಲಿಯೇ ಕೂತವಳು. ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ತಾಯಕ್ಕ ಬೀಗ ಎಳೆದು ನೋಡಿದ್ದಳು. ಆಮೇಲೆ ಇಬ್ಬರ ನಡುವೆ ಆ ಮಾತು ಬರಲಿಲ್ಲ, ಬರಲು ಹೊತ್ತೂ ಉಳಿಯಲಿಲ್ಲ.

*

ಮಣ್ಣು ಕೊಟ್ಟು ಬಂದವರು ಅಂಗಳದಲ್ಲಿ ಕಾಲು ತೊಳೆದುಕೊಂಡರು. ಹೆಣ ಮಲಗಿಸಿದ್ದ ಜಾಗದಲ್ಲಿ ಚೆನ್ನಬಸಮ್ಮ ದೀಪ ಹಚ್ಚಿದಳು. ಮಲ್ಲಿಕಾರ್ಜುನ್ ಒಳಗೆ ಬಂದು, ಯಾರೋ ಸರಿಸಿಕೊಟ್ಟ ಕುರ್ಚಿಯಲ್ಲಿ ಕೂತ. ನಿಮ್ಮ ತಾಯಿಗೆ ಛಲ ಭಾಳ, ಆದರೆ ದೊಡ್ಡ ಜೀವ ಎಂದ. ನಂತರ ಜೇಬಿನಿಂದ ಕಾಗದ ತೆಗೆದ. ಹನ್ನೊಂದು ವರ್ಷದ ಹೊಸ ಕರಾರು, ಹೇಮಾವತಿಯ ಹೆಸರಿಗೆ. ಅವನ ಸಹಿ ಆಗಲೇ ಆಗಿತ್ತು. ಡಬ್ಬಿಗಳು ಹೊರಗೆ ಗಾಡಿಯಲ್ಲಿವೆ, ಪಾಡ್ಯದೊಳಗೆ ಎಲ್ಲದರ ಮೇಲೂ ತನ್ನ ಹೆಸರು ಬೀಳಬೇಕು. ಊರಿನ ಬೇರೆ ಮಷೀನುಗಳಿಗೆ ಹಬ್ಬದ ಕೆಲಸ ತುಂಬಿದೆ. ಒಲ್ಲೆ ಎಂದರೆ ಹಬ್ಬದ ಮರುದಿನ ಮಳಿಗೆ ಖಾಲಿ ಮಾಡಬೇಕು. ಇದನ್ನೆಲ್ಲ ಅವನು ಮೆಲ್ಲಗೆ, ಸಾವಿನ ಮನೆಗೆ ತಕ್ಕ ದನಿಯಲ್ಲಿ ಹೇಳಿದ.

ಜಂಬುನಾಥ ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗಿತ್ತ. “ಹಾಕವ್ವ ಸೈನು. ಅಂಗಡಿ ಉಳಿತೈತಿ. ಪಾತ್ರಿ ಮ್ಯಾಲಿನ ಹೆಸರಿಗೆ ಯಾರಾದ್ರೂ ಇಷ್ಟು ತಲಿ ಕೆಡಿಸ್ಕಂತಾರಾ?”

ಹೇಮಾವತಿ ಕಾಗದವನ್ನು ಕೊನೆಯವರೆಗೂ ಓದಿದಳು. ಅವಳ ಹೆಸರು ಮೂರು ಕಡೆ ಇತ್ತು, ಮೂರು ಕಡೆಯೂ ತಪ್ಪಿಲ್ಲದೆ.

“ಆರ್ನೂರು ಮನಿ ಹೆಂಗಸ್ರ ಹೆಸರು ಬರಸ್ಕೊಂಬರ್ರಿ,” ಎಂದಳು. “ಈಗಿಂದ ಕುಂತು ಪಾಡ್ಯದೊಳಗ ಎಲ್ಲಾ ಹಾಕಿ ಕೊಡ್ತೀನಿ. ನಂಗೇನೂ ಕೊಡಬ್ಯಾಡ್ರಿ.”

ಅವನು ನಿಜವಾಗಿಯೂ ಬೆರಗಾದ. “ಅಷ್ಟು ಮಂದಿ ಹೆಸರು ಯಾರಿಗೆ ಗೊತ್ತಿರ್ತಾವ ತಂಗಿ?”

ಬಾಗಿಲಲ್ಲಿ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಮನೆಗೆ ಹೋಗಿ ನೀರು ತುಂಬುವ ಹೊತ್ತಾಗಿತ್ತು. ಯಾರೂ ಕದಲಲಿಲ್ಲ. ಮಲ್ಲಿಕಾರ್ಜುನ್ ಅವರ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ದನಿ ಇನ್ನೂ ತಗ್ಗಿಸಿದ.

“ಹೋಗ್ಲಿ, ಪೂರ್ತಿ ಹೆಸರು ಬ್ಯಾಡ. ‘ಮ’ ಅಂತ ಒಂದ ಅಕ್ಷರ ಹಾಕು. ಮುಚ್ಚಳದ ಮ್ಯಾಲೂ ಬ್ಯಾಡ, ತಳದಾಗ. ನಿಂಗೂ ನಂಗೂ ಬಿಟ್ರ ಯಾರಿಗೂ ಕಾಣಾದಿಲ್ಲ. ಅಂಗಡಿ ನಿಂದು.”

ಹೇಮಾವತಿ ಪೆನ್ನಿನ ಮುಚ್ಚಳ ಹಾಕಿ ಕಾಗದದ ಮೇಲಿಟ್ಟಳು.

“ಒಲ್ಲೆ,” ಎಂದಳು.