ಆವಿಗೆಯ ಎಲ್ಲೆ

ಸೋಮವಾರ ಮುಂಜಾನೆ, ಸರಕಾರದ ಸುದ್ದಿ ಸಾರುವ ಕೋತವಾಲ ಧೋಂಡಿಬಾ ಕುಂಬಾರ ಓಣಿಯ ಬಾಯಲ್ಲಿ ಸೈಕಲ್ ನಿಲ್ಲಿಸಿ ಸಾರಿದ. ಗುರುವಾರ ಊರಿನ ಮೇಲೆ ಡ್ರೋನ್ ಹಾರುತ್ತದೆ. ಅಷ್ಟರೊಳಗೆ ಅವರವರು ತಮ್ಮ ಮನೆ, ಹಿತ್ತಲು, ದನದ ಕೊಟ್ಟಿಗೆಯ ಸುತ್ತ ಸುಣ್ಣದ ಗೆರೆ ಎಳೆದುಕೊಳ್ಳಬೇಕು. ಸುಣ್ಣದ ಚೀಲಗಳು ಪಂಚಾಯತಿ ಕಟ್ಟೆಯ ಮೇಲಿವೆ, ಬಂದು ಒಯ್ಯಬೇಕು. ಗೆರೆ ಕಂಡ ಜಾಗಕ್ಕೆಲ್ಲ ಸರಕಾರದ ಹಕ್ಕಿನ ಕಾಗದ ಸಿಗುತ್ತದೆ ಎಂದೂ ಅವನು ಹೇಳಿದ. ಆದರೆ ಓಣಿಯ ಏಳು ಮನೆಯವರಿಗೆ ‘ಡ್ರೋನ್’ ಎಂಬ ಮಾತು ಕಿವಿಗೆ ಬಿದ್ದಮೇಲೆ, ಮನೆಗೆ ಗೆರೆ ಎಳೆಯಬೇಕೆಂಬುದೊಂದು ಬಿಟ್ಟು ಮುಂದಿನದು ಯಾವುದೂ ತಲೆಗೆ ಹೋಗಲಿಲ್ಲ.

ಅದಕ್ಕೆ ಕಾರಣವಿತ್ತು. ಸಂಕ್ರಾಂತಿಯ ಆಚೀಚೆ ಪೋಲೀಸರ ಡ್ರೋನ್ ಒಂದು ವಾರವಿಡೀ ಹೊಳೆಯ ಮೇಲೆ ಸುತ್ತಿತ್ತು. ಉಸುಕು ತುಂಬುತ್ತಿದ್ದ ಮೂರು ಟ್ರ್ಯಾಕ್ಟರ್ ಸಿಕ್ಕಿಬಿದ್ದವು. ಅದು ಸರಿಯೇ ಆಯಿತೆಂದು ಜನ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ, ಹೊಲದಲ್ಲಿ ಕಬ್ಬು ಕಡಿದು ಉಳಿದ ರವದಿಗೆ ಬೆಂಕಿ ಹಚ್ಚಿದವರ ಮನೆಗೂ ನೋಟೀಸು ಬಂದವು. ನೋಟೀಸಿನ ಜೊತೆ ಫೋಟೋ. ಫೋಟೋದಲ್ಲಿ ಹೊಗೆ, ಹೊಗೆಯ ಪಕ್ಕದಲ್ಲಿ ಒಂದು ಬಿಳಿ ಟೋಪಿ. ಆ ಟೋಪಿ ಯಾರದೆಂದು ಊರಿಗೆಲ್ಲ ಗೊತ್ತಾಯಿತು.

“ಹೊಗೀ ಕಂಡ್ರ ಅದು ಬಿಡೂದಿಲ್ಲ,” ಎಂದ ಭಿಕಾಜಿ. “ನಮ್ಮ ಆವಿಗಿ ಉಗುಳೂ ಹೊಗೀಗೆ ರವದಿ ಹೊಗಿ ಎಲ್ಲೀ ಲೆಕ್ಕ?”

ಭಿಕಾಜಿ ಹೌಸಾಬಾಯಿಯ ಮೈದುನ. ಅವಳ ಗಂಡ ಹೋದಮೇಲೆ ತಿಗರಿ ತಿರುಗಿಸುವುದು ಅವನು, ಮಣ್ಣು ಆರಿಸಿ ಹದ ಮಾಡುವುದು, ಆವಿಗೆ ಒಟ್ಟುವುದು ಇವಳು. ಓಣಿಯ ಹಿಂದಿನ ಬಯಲಿನಲ್ಲಿ ಇದ್ದುದು ಒಂದೇ ಆವಿಗೆ. ಏಳು ಮನೆಯವರೂ ಪಾಳಿಯ ಮೇಲೆ ಅದರಲ್ಲೇ ಗಡಿಗೆ ಸುಡುತ್ತಿದ್ದರು. ಗೋಡೆಯಿಲ್ಲ, ಸೂರಿಲ್ಲ, ಸೊಂಟದೆತ್ತರದ ಒಂದು ದುಂಡು ಕಟ್ಟೆ, ಸುತ್ತ ಬೂದಿ. ಯಾವ ಕಾಲದಿಂದ ಸುಡುತ್ತ ಬಂದಿದ್ದರೋ, ಆ ಬಯಲಿನ ನೆಲವೆಲ್ಲ ಬೂದಿಯೇ ಆಗಿತ್ತು.

ಬುಧವಾರ ಮಧ್ಯಾಹ್ನ ಭಿಕಾಜಿ ಎಲ್ಲರನ್ನೂ ಹುರಿದುಂಬಿಸಿ ಆವಿಗೆಯ ಮೇಲೆ ಜೋಳದ ಕಣಿಕೆ ಹೊರಿಸಿದ. ಮೊದಲು ಅಡ್ಡ ಹೊರೆ, ಆಮೇಲೆ ಓರೆ ಹೊರೆ, ತುದಿಗೆ ಕಬ್ಬಿನ ರವದಿ. ಸಂಜೆಯ ಹೊತ್ತಿಗೆ ಆವಿಗೆ ಹೋಗಿ ಒಂದು ಬಣವೆ ನಿಂತಿತ್ತು. ಓಣಿಯವರು ದೂರ ಸರಿದು, ಹತ್ತಿರ ಬಂದು ನೋಡಿದರು. ಭಿಕಾಜಿಗೆ ತನ್ನ ಕೆಲಸದ ಮೇಲೆ ಬಹಳ ಪ್ರೀತಿ ಹುಟ್ಟಿತು. ದಾರಿಯಲ್ಲಿ ಹೋಗುತ್ತಿದ್ದ ಎಮ್ಮೆಯೊಂದು ಬಂದು ಬಣವೆಗೆ ಬಾಯಿ ಹಾಕಿದಾಗ ಅವನು ಅದನ್ನು ಓಡಿಸಲೂ ಇಲ್ಲ. ಎಮ್ಮೆಗೇ ಗೊತ್ತಾಗಲಿಲ್ಲವೆಂದರೆ ಮುಗಿಲಿನ ಕಣ್ಣಿಗೇನು ಗೊತ್ತಾದೀತು ಎಂದು ನಕ್ಕ.

ಹೌಸಾಬಾಯಿ ನಗಲಿಲ್ಲ, ಬೇಡವೆನ್ನಲೂ ಇಲ್ಲ. ಅವಳು ಮಾತಾಡುವವಳಲ್ಲ, ಕೇಳುವವಳು. ಪ್ರತಿ ಸಂಜೆ ವಿಠಲನ ಗುಡಿಯಲ್ಲಿ ಭಜನೆಗೆ ಕೂತರೆ ಕಂಬಕ್ಕೊರಗಿ ಕಣ್ಣುಮುಚ್ಚಿ ಕೇಳುವಳು. ಅಕ್ಷರ ಬಾರದಿದ್ದರೂ ಒಮ್ಮೆ ಕೇಳಿದ ಪದ ಅವಳ ಎದೆಯಲ್ಲಿ ಕೂತುಬಿಡುತ್ತಿತ್ತು. ಆ ದಿನ ಭಜನೆಯಲ್ಲಿ ಕೂತಾಗಲೂ ಅವಳಿಗೆ ಏನೋ ತಪ್ಪಿದಂತೆ ಅನ್ನಿಸಿತು. ಧೋಂಡಿಬಾ ಸೈಕಲ್ಲಿನ ಮೇಲಿಂದ ಕೊನೆಗೆ ಹೇಳಿದ್ದೇನು? ಎಷ್ಟು ನೆನೆದರೂ ನೆನಪಾಗಲಿಲ್ಲ. ಇಷ್ಟು ಪದ ನೆನಪಿಟ್ಟ ತನಗೆ ಅದೊಂದು ಮಾತು ಹೇಗೆ ಜಾರಿತೆಂದು ಅವಳಿಗೇ ಸೋಜಿಗವಾಯಿತು.

ಗುರುವಾರ ಎಂಟಕ್ಕೆಲ್ಲ ಮೋಜಣಿಯವರು ಬಂದರು. ಜೀಪಿನಿಂದ ಇಳಿದವಳು ಭೂಮಾಪಕಿ ಪ್ರಾಜಕ್ತಾ ಧುಮಾಳ. ತಲೆಗೆ ಬಿಸಿಲು ಟೊಪ್ಪಿಗೆ, ಕಾಲಲ್ಲಿ ಧೂಳು ಮೆತ್ತಿದ ಬೂಟು, ಕೈಯಲ್ಲಿ ಹಲಗೆಗೆ ಚುಚ್ಚಿದ ಹಾಳೆ. ಡ್ರೋನ್ ಹಾರಿಸುವವನು ಶಾಲೆಯ ಬಯಲಿನಲ್ಲಿ ಅದನ್ನು ಜೋಡಿಸುತ್ತ ಉಳಿದ. ಅವಳು ಧೋಂಡಿಬಾನನ್ನು ಮುಂದಿಟ್ಟುಕೊಂಡು ಓಣಿ ಓಣಿ ತಿರುಗಿ ಗೆರೆಗಳನ್ನು ನೋಡತೊಡಗಿದಳು. ಎಲ್ಲಿ ಗೆರೆ ತುಂಡಾಗಿದೆಯೋ ಅಲ್ಲಿ ಸುಣ್ಣ ಹಾಕಿಸಿದಳು. ಅಣ್ಣತಮ್ಮಂದಿರು ಒಂದೇ ಗೋಡೆಗೆ ಎರಡೆರಡು ಗೆರೆ ಎಳೆದುಕೊಂಡಿದ್ದ ಕಡೆ, ಅವರಿಬ್ಬರೂ ಒಂದು ಗೆರೆಗೆ ಒಪ್ಪುವವರೆಗೆ ನೆರಳಿನಲ್ಲಿ ನಿಂತು ನೀರು ಕುಡಿದಳು.

ಕುಂಬಾರ ಓಣಿಯ ಮನೆಗಳ ಮುಂದೆ ಗೆರೆ ನೆಟ್ಟಗಿತ್ತು. ಹಿಂದಿನ ಬಯಲಿಗೆ ಬಂದಾಗ ಅವಳು ಬಣವೆಯ ಮುಂದೆ ನಿಂತು, ಈ ಜಾಗ ಯಾರದೆಂದು ಕೇಳಿದಳು. ಭಿಕಾಜಿ ರಾತ್ರಿಯೆಲ್ಲ ಉರುಹೊಡೆದವನ ಹಾಗೆ ಒಂದೇ ಉಸಿರಿಗೆ ಉತ್ತರ ಕೊಟ್ಟ. ನಮ್ಮದಲ್ಲ, ಖಾಲಿ ಜಾಗ, ಯಾರೋ ಮೇವು ಒಟ್ಟಿದ್ದಾರೆ. ಅವಳು ಹಾಳೆಯಲ್ಲಿ ಮೂರು ಶಬ್ದ ಬರೆದು ಮುಂದೆ ನಡೆದಳು.

ಹಿತ್ತಲ ಬಾಗಿಲಲ್ಲಿ ಮಣ್ಣು ತುಳಿಯುತ್ತಿದ್ದ ಹೌಸಾಬಾಯಿ ಅದನ್ನು ನೋಡಿದಳು. ಹಿಂದೆ ಉಳಿದಿದ್ದ ಧೋಂಡಿಬಾನನ್ನು ಕರೆದಳು.

“ಏನ್ ಬರದ್ರೋ ಅವರು?”

“ಖಾಲಿ ಜಾಗ, ಪಂಚಾಯತಿದು ಅಂತ. ಮತ್ತೇನು ಬರೀತಾರ? ನಿನ್ನ ಮೈದುನಾನೇ ಹೇಳ್ಯಾನಲ್ಲ.” ಧೋಂಡಿಬಾ ದನಿ ತಗ್ಗಿಸಿದ. “ಕಾಕೂ, ಸೋಮವಾರ ನಾ ಒದರಿದ್ದು ಯಾರಿಗೆ? ಗ್ವಾಡಿಗೇನು? ಗೆರಿ ಇದ್ದೋರಿಗೆ ಕಾಗದ, ಇಲ್ಲದ್ದೆಲ್ಲಾ ಪಂಚಾಯತಿಗೆ. ಅಲ್ಲಿ ಅಂಗಡಿ ಸಾಲು ಕಟ್ಟಬೇಕಂತ ಅವರು ಆಗಲೇ ಠರಾವು ಮಾಡ್ಯಾರ.”

ಜಾರಿಹೋದ ಮಾತು ಈಗ ಬಂದು ಅವಳೆದುರು ನಿಂತಿತು. ಆವಿಗೆ ಹೋದರೆ ಏಳು ತಿಗರಿ ನಿಲ್ಲುತ್ತವೆ. ಹಸಿ ಗಡಿಗೆಯನ್ನು ಯಾರೂ ಕೊಳ್ಳುವುದಿಲ್ಲ. ಅವಳು ಕಾಲು ತೊಳೆಯಲಿಲ್ಲ. ಮೊಣಕಾಲವರೆಗೆ ಕೆಸರಿದ್ದ ಹಾಗೆಯೇ ಓಣಿ ದಾಟಿ ಹೋಗಿ ಪ್ರಾಜಕ್ತಾಳ ಮುಂದೆ ನಿಂತಳು.

“ಬಾಯಿಸಾಹೇಬ್ರ, ಆ ಬಣವಿ ಒಳಗ ನಮ್ಮ ಆವಿಗಿ ಐತಿ. ನಾವೇ ಮುಚ್ಚೇವಿ.”

ಪ್ರಾಜಕ್ತಾ ಹಾಳೆಯಿಂದ ತಲೆಯೆತ್ತಿದಳು. “ಯಾಕ ಮುಚ್ಚಿದ್ರಿ?”

“ಹೊಗಿ ಹಿಡ್ಯಾಕ ಬಂದೀರಿ ಅಂತ.”

“ಅದು ಪೋಲೀಸರದು, ಕಾಕೂ. ಇದು ಮೋಜಣಿದು. ಹೊಗಿ ನನ್ನ ಹಾಳ್ಯಾಗ ಬರೂದೇ ಇಲ್ಲ.”

“ನಮಗೇನು ಗೊತ್ತು? ಎರಡೂ ಒಂದೇ ಥರ ಗುಂಯ್ ಅಂತಾವ.”

ಪ್ರಾಜಕ್ತಾಗೆ ನಗು ಬಂತು, ಆದರೆ ಕೈಗಡಿಯಾರ ನೋಡಿ ತಡೆದುಕೊಂಡಳು. ತಾನು ಬರೆದದ್ದನ್ನು ತಿದ್ದಬಹುದು, ಆದರೆ ಅಷ್ಟರಿಂದ ಏನೂ ಆಗುವುದಿಲ್ಲ ಎಂದು ಅವಳು ತಿಳಿಸಿ ಹೇಳಿದಳು. ನಕಾಶೆ ಆಗುವುದು ಮೇಲಿನಿಂದ ತೆಗೆದ ಚಿತ್ರದ ಮೇಲೆ. ಹತ್ತೂವರೆಗೆ ಡ್ರೋನ್ ಏಳುತ್ತದೆ, ಹನ್ನೊಂದರ ಸುಮಾರಿಗೆ ಈ ಕಡೆ ಬರುತ್ತದೆ. ಆಗ ಆವಿಗೆ ಕಾಣಬೇಕು, ಸುತ್ತ ಎಲ್ಲೆಯೂ ಕಾಣಬೇಕು. ಮುನ್ನೂರು ನಾನೂರು ಅಡಿ ಮೇಲಿನಿಂದ ಕಾಣುವಂಥ ಗೆರೆ, ಗೇಣಾದರೂ ಅಗಲವಿರಬೇಕು, ನಡುವೆ ಬಾಯಿ ಬಿಟ್ಟಿರಬಾರದು.

ಏಳು ಮನೆಯವರು ಬಣವೆಗೆ ಕೈಹಾಕಿದರು. ಕಟ್ಟಲು ಅರ್ಧ ದಿನ ಹಿಡಿದದ್ದನ್ನು ಕೀಳಲು ಅರ್ಧ ತಾಸು ಸಾಕಾಯಿತು. ನಿನ್ನೆಯ ಎಮ್ಮೆ ಇವತ್ತೂ ಬಂದಿತ್ತು. ಭಿಕಾಜಿ ಅದಕ್ಕೆ ಒಂದೇಟು ಹಾಕಿ, ಓಡುತ್ತ ಹೋಗಿ ಪಂಚಾಯತಿ ಕಟ್ಟೆಯಿಂದ ಸುಣ್ಣದ ಚೀಲ ಹೊತ್ತುತಂದ. ಚೀಲದ ಬಾಯಿ ಬಿಚ್ಚುವಾಗ ಹೌಸಾಬಾಯಿ ಅದರ ಮೇಲೆ ಕೆಸರುಗಾಲು ಇಟ್ಟಳು.

“ಇಲ್ಲಿ ಸುಣ್ಣ ಬೀಳಬಾರದು.”

ಅವಳು ಯಾಕೆ ಹೇಳುತ್ತಿದ್ದಾಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಣ್ಣು ಒಣಗಿಸುವುದೂ ಜರಡಿ ಹಿಡಿಯುವುದೂ ಇದೇ ಬಯಲಿನಲ್ಲಿ, ಅದಕ್ಕೆ ಬೆರೆಸುವ ಬೂದಿಯೂ ಇಲ್ಲಿಯದೇ. ಸುಣ್ಣದ ಒಂದು ಹರಳು ಮಣ್ಣಿಗೆ ಬಿದ್ದರೆ ಗಡಿಗೆ ಸುಡುವಾಗ ಸುಮ್ಮನಿರುತ್ತದೆ, ಬಾರಿಸಿದರೆ ಗಂಟೆಯ ಹಾಗೆ ನುಡಿಯುತ್ತದೆ. ಕೊಂಡವರ ಮನೆಗೆ ಹೋಗಿ ನೀರು ಕುಡಿದ ಮೇಲೆ ಒಂದು ದಿನ ಹರಳು ಅರಳಿ, ಗಡಿಗೆಯ ಹೊಟ್ಟೆ ಚಿಪ್ಪು ಹಾರುತ್ತದೆ. ಅವಳ ಗಂಡನಿದ್ದಾಗ ಯಾರದೋ ಮದುವೆಗೆ ಮನೆ ಬಳಿದು ಉಳಿದ ಸುಣ್ಣವನ್ನು ಇಲ್ಲಿ ಚೆಲ್ಲಿಹೋಗಿದ್ದರು. ಆ ಬೇಸಗೆ ಕುಂಬಾರರ ಗಡಿಗೆಯೆಂದರೆ ಸಂತೆಯಲ್ಲಿ ಜನ ಮುಖ ತಿರುಗಿಸುತ್ತಿದ್ದರು. ಅಂದಿನಿಂದ ಎಲೆಗೆ ಹಚ್ಚುವ ಸುಣ್ಣದ ಡಬ್ಬಿಯನ್ನೂ ಮನೆಯಲ್ಲಿಟ್ಟೇ ಬಯಲಿಗೆ ಬರುವುದು ಓಣಿಯ ರೂಢಿ.

“ಗಡಗಿ ಉಳಸಾಕ ಹೋಗಿ ಜಾಗಾನೇ ಕಳೀತಿ ವೈನಿ ನೀ,” ಎಂದ ಭಿಕಾಜಿ.

“ಗಡಗಿ ಕೆಟ್ಟರ ಜಾಗ ತಗೊಂಡು ಏನ್ ಮಾಡ್ತಿ? ಎಮ್ಮಿ ಕಟ್ತೀಯೇನು?”

ಅವಳು ಪ್ರಾಜಕ್ತಾಳ ಕಡೆ ತಿರುಗಿ, ಗೆರೆ ಬಿಳಿಯದೇ ಆಗಬೇಕೇ ಎಂದು ಕೇಳಿದಳು. ಬಣ್ಣ ಯಾವುದಾದರೂ ಸರಿ, ನೆಲಕ್ಕಿಂತ ಬೇರೆಯಾಗಿ ಕಂಡರಾಯಿತು ಎಂದಳು ಪ್ರಾಜಕ್ತಾ. ಹೌಸಾಬಾಯಿ ಒಂದು ಗಳಿಗೆ ನೆಲ ನೋಡಿದಳು. ಒಂದು ಕಡೆ ಬೂದಿ, ಇನ್ನೊಂದು ಕಡೆ ಕರಿ ಮಣ್ಣು. ಆಮೇಲೆ ಛಪ್ಪರದ ಕಡೆ ನೋಡಿದಳು. ಬೇಸಗೆಯ ಸಂತೆಗೆಂದು ಸುಟ್ಟಿಟ್ಟ ಗಡಿಗೆಗಳು ಅಲ್ಲಿ ಒಂದರ ಮೇಲೊಂದು ಕೂತಿದ್ದವು, ಎಲ್ಲವೂ ಕೆಂಪು.

ಹೇಳಬೇಕಾಗಲಿಲ್ಲ. ಕೈಯಿಂದ ಕೈಗೆ ಗಡಿಗೆಗಳು ಹೊರಟವು. ಬಾಯಿ ಕೆಳಗೆ ಮಾಡಿ, ಹೊಟ್ಟೆಗೆ ಹೊಟ್ಟೆ ತಾಗಿಸಿ ಸಾಲು ಹಿಡಿದರು. ತೆಂಕಲಿನ ಬದಿ ಮುಗಿದು ರಸ್ತೆಯ ಬದಿಗೆ ತಿರುಗುವಾಗ ಭಿಕಾಜಿ ಹತ್ತು ಹೆಜ್ಜೆ ಮುಂದೆ ಹೋಗಿ ರಸ್ತೆಯ ಅಂಚಿಗೆ ಗಡಿಗೆ ಇಟ್ಟ. ಮೇಲಿಂದ ನೋಡುವವರಿಗೆ ಏನು ಗೊತ್ತು, ಇಟ್ಟದ್ದೇ ಎಲ್ಲೆ ಎಂಬುದು ಅವನ ಲೆಕ್ಕ. ಅದರಲ್ಲಿ ತಪ್ಪಿಲ್ಲವೆಂದು ಇನ್ನಿಬ್ಬರು ಗೋಣು ಹಾಕಿದರು. ಅತ್ತ ತಿರುಗಿ ಬೂಟು ಕೊಡವುತ್ತಿದ್ದ ಪ್ರಾಜಕ್ತಾ ಏನೂ ನೋಡದವಳಂತಿದ್ದಳು.

ಹೌಸಾಬಾಯಿ ಹೋಗಿ ಆ ಗಡಿಗೆಯನ್ನು ಎತ್ತಿ ಹಿಂದಕ್ಕೆ ತಂದು, ಬೂದಿ ಮುಗಿದು ಕರಿ ಮಣ್ಣು ಸುರುವಾಗುವಲ್ಲಿ ಇಟ್ಟಳು. “ಬೂದಿ ಎಲ್ಲೀತನಕ ಐತೋ ಅಲ್ಲೀತನಕ ನಮ್ಮದು,” ಎಂದಳು. “ಅದರಾಚೆ ನಮ್ಮವರು ಯಾರೂ ಸುಟ್ಟಿಲ್ಲ.”

ಮೂರು ಬದಿ ತುಂಬಿದವು. ಬೇವಿನ ಮರದ ಬದಿಗೆ ಬರುವಾಗ ಛಪ್ಪರ ಬರಿದಾಯಿತು. ಇನ್ನೂ ಇಪ್ಪತ್ತೈದು ಮೂವತ್ತು ಅಡಿ ಬಾಯಿ ತೆರೆದು ನಿಂತಿತ್ತು. ಮನೆಗಳ ಒಳಗಿನ ಕುಡಿಯುವ ನೀರಿನ ಗಡಿಗೆ, ಹಿಟ್ಟಿನ ಗಡಿಗೆ ಎಲ್ಲ ಬಂದರೂ ಅರ್ಧ ಕೂಡ ತುಂಬಲಿಲ್ಲ. ಶಾಲೆಯ ಕಡೆಯಿಂದ ಗುಂಯ್ಗುಡುವ ಸದ್ದು ಎದ್ದಿತು. ಜನ ರೂಢಿಯಂತೆ ಸೂರಿನ ಕಡೆ ಸರಿಯತೊಡಗಿದರು.

“ಎಲ್ಲಿ ಓಡ್ತೀರಿ?” ಎಂದಳು ಹೌಸಾಬಾಯಿ. ಸೆರಗು ಸರಿಮಾಡಿಕೊಂಡು, ಕೊನೆಯ ಗಡಿಗೆಯ ಪಕ್ಕ ಹೋಗಿ ಅವಳೇ ನಿಂತಳು. “ಬರ್ರಿ. ಗಡಗಿ ಆಗ್ರಿ.”

ಮೊದಲು ಧೋಂಡಿಬಾನಿಗೆ ನಗು ಬಂತು. ಆಮೇಲೆ ಓಣಿಯ ಹೆಂಗಸರು ಬಂದರು, ಅವರ ಹಿಂದೆ ಗಂಡಸರು. ಹೆಗಲಿಗೆ ಹೆಗಲು ತಾಗಿಸಿ ಹದಿನಾಲ್ಕು ಜನ ಬೇವಿನ ಬುಡದವರೆಗೆ ನಿಂತರು. ಅಲುಗಬಾರದು, ಅದು ಎರಡು ಮೂರು ಸಲ ಹೋಗಿ ಬಂದು ಮಾಡುತ್ತದೆ ಎಂದು ಪ್ರಾಜಕ್ತಾ ಹೇಳಿ ತಾನು ಸಾಲಿನಿಂದ ದೂರ ಸರಿದಳು. ಕೋತವಾಲನಾದ ತನಗೆ ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಧೋಂಡಿಬಾ ಎಮ್ಮೆಯನ್ನು ಹಿಡಿದುಕೊಂಡ.

ಡ್ರೋನ್ ಬಂತು. ಹದ್ದಿಗಿಂತ ಸಣ್ಣದು, ಹದ್ದಿಗಿಂತ ನೆಟ್ಟಗೆ. ಆಚೆ ಹೋಯಿತು, ತಿರುಗಿತು, ಮತ್ತೆ ಬಂತು. ಬಿಸಿಲು ನೆತ್ತಿಯ ಮೇಲಿತ್ತು. ಹೌಸಾಬಾಯಿಯ ಕಾಲಿನ ಕೆಸರು ಒಣಗಿ ಬಿಗಿಯತೊಡಗಿತು, ತುರಿಸಿತು. ಬಗ್ಗಬಾರದು. ಅವಳು ವಿಠಲನನ್ನು ನೆನೆದಳು. ಸ್ವಲ್ಪ ನಿಲ್ಲಪ್ಪ ಎಂದು ಭಕ್ತನೊಬ್ಬ ಇಟ್ಟಿಗೆ ಎಸೆದನೆಂದು ಅದರ ಮೇಲೆ ನಿಂತವನು ಇನ್ನೂ ನಿಂತೇ ಇದ್ದಾನೆ. ಆ ಇಟ್ಟಿಗೆಯನ್ನೂ ಯಾರೋ ಒಬ್ಬರು ಎಲ್ಲೋ ಒಂದು ಆವಿಗೆಯಲ್ಲಿ ಸುಟ್ಟಿರಬೇಕಲ್ಲ. ಅವನಿಗೆ ಹೋಲಿಸಿದರೆ ತನ್ನದು ಎಷ್ಟು ಹೊತ್ತಿನ ಮಾತು. ನಿನ್ನೆ ಸಂಜೆ ಭಜನೆಯಲ್ಲಿ ಕೇಳಿದ ಪದವನ್ನು ತುಟಿ ಅಲುಗಿಸದೆ ಒಳಗೇ ಹೇಳಿಕೊಂಡಳು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಸದ್ದು ದೂರವಾಯಿತು.

ಹೋಳಿ ಕಳೆದ ಮೇಲೆ ನಕಾಶೆಯ ಹಾಳೆಗಳನ್ನು ಪಂಚಾಯತಿ ಗೋಡೆಗೆ ಅಂಟಿಸಿದರು. ತಕರಾರು ಇದ್ದವರು ಹೇಳಬೇಕೆಂದು ಪ್ರಾಜಕ್ತಾ ಮೇಜು ಹಾಕಿಕೊಂಡು ಕೂತಿದ್ದಳು. ಹೌಸಾಬಾಯಿ ತನ್ನ ಸರದಿ ಬರುವವರೆಗೆ ಕಾದು, ಧೋಂಡಿಬಾನ ಕೈಯಿಂದ ತನ್ನ ಬೆರಳು ಹಿಡಿಸಿ ಹಾಳೆಯ ಮೇಲೆ ಇಡಿಸಿಕೊಂಡಳು. ಅಲ್ಲಿ ನಾಲ್ಕು ಗೆರೆಗಳು ಒಂದಕ್ಕೊಂದು ಕೂಡಿದ್ದವು. ನಡುವೆ ಬರೆದದ್ದನ್ನು ಅವನು ಓದಿ ಹೇಳಿದ. ಕುಂಬಾರರ ಆವಿಗೆ, ಏಳು ಮನೆಗೆ ಸಾಮಾಯಿಕ, ಅಂದರೆ ಎಲ್ಲರಿಗೂ ಕೂಡಿ ಸೇರಿದ್ದು. ಇನ್ನೊಮ್ಮೆ ಓದಿಸಿದಳು. ಅಷ್ಟಕ್ಕೆ ಅದು ಅವಳಿಗೆ ಬಾಯಿಪಾಠವಾಯಿತು. ಪಂಚಾಯತಿಯಿಂದ ತಕರಾರು ಬಂದಿದೆಯೇ ಎಂದು ಕೇಳಿದಳು. ಬಂದಿತ್ತು, ಆದರೆ ರಸ್ತೆಯಿಂದ ಹತ್ತು ಹೆಜ್ಜೆ ಬಿಟ್ಟದ್ದು ಚಿತ್ರದಲ್ಲೇ ಕಾಣುತ್ತಿದ್ದುದರಿಂದ, ಒತ್ತುವರಿ ಎನ್ನಲು ಅವರಿಗೆ ಬಾಯಿ ಇರಲಿಲ್ಲ ಎಂದಳು ಪ್ರಾಜಕ್ತಾ.

ಆಮೇಲೆ ಅವಳು ತನ್ನ ಲ್ಯಾಪ್‌ಟಾಪ್ ತಿರುಗಿಸಿ ಆ ದಿನದ ಚಿತ್ರ ತೋರಿಸಿದಳು. ಬೂದಿಯ ಸುತ್ತ ಕೆಂಪು ಮಣಿಸರ, ಬೇವಿನ ಬದಿಗೆ ಬಣ್ಣಬಣ್ಣದ ಹದಿನಾಲ್ಕು ಚುಕ್ಕೆ. ಇದರಲ್ಲಿ ತಾನು ಯಾವುದೆಂದು ಹೌಸಾಬಾಯಿ ಕೇಳಿದಳು.

“ಮೇಲಿಂದ ನೋಡಿದ್ರ ಎಲ್ಲಾರೂ ಒಂದೇ ಥರ ಕಾಣ್ತಾರ, ಕಾಕೂ.”

ಹೌಸಾಬಾಯಿ ಗಡಿಗೆ ಮುಗಿಯುವಲ್ಲಿಂದ ಮೊದಲನೆಯ ಚುಕ್ಕೆಯ ಮೇಲೆ ಬೆರಳಿಟ್ಟಳು. ಅದು ತಾನು. ಅಲ್ಲಿಂದ ಒಬ್ಬೊಬ್ಬರನ್ನೇ ಹೆಸರು ಹಿಡಿದು ಎಣಿಸುತ್ತ ಹೋದಳು. ಬೇವಿನ ಬುಡದ ಕಡೆಯ ಚುಕ್ಕೆಗೆ ತಲೆಯೇ ಇದ್ದಂತಿರಲಿಲ್ಲ. ಇದ್ದುದು ಒಂದು ಟವೆಲ್ಲು ಮಾತ್ರ.

“ಇವನು ಭಿಕಾಜಿ,” ಎಂದಳು. “ಮಾರಿ ಮುಚ್ಚಿಕೊಂಡಾನ.”